ಕೂಗುವ ಕ್ರೌನು, ಅಪ್ಪನ ಕಿವಿ

ರಾಮಾಪುರದ ಸುತ್ತಮುತ್ತ ಯಾರೇ ಹಳೇ ಗಾಡಿ ಕೊಳ್ಳಲಿ, ಮೊದಲು ನಮ್ಮ ಮನೆ ಬಾಗಿಲಿಗೆ ಬಂದು ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ವಯಸ್ಸಿರುವಷ್ಟು ಕಾಲ ಲಾರಿ ಓಡಿಸಿದವನು. ಗಾಡಿಯ ಹಿಂದಿನ ಎರಡು ಚಕ್ರಗಳ ನಡುವೆ, ಗಡಿಗೆಯಂತೆ ಉಬ್ಬಿಕೊಂಡು ಡಿಫರೆನ್ಶಿಯಲ್ ಇರುತ್ತದಲ್ಲ, ನಮ್ಮ ಕಡೆ ಅದಕ್ಕೆ ಆ ಹೆಸರಿಲ್ಲ. ಒಳಗಿನ ದೊಡ್ಡ ಹಲ್ಲುಚಕ್ರದ ಹೆಸರಿನಲ್ಲಿ ಎಲ್ಲವನ್ನೂ ಸೇರಿಸಿ ಕ್ರೌನು ಅಂದುಬಿಡುತ್ತಾರೆ. ಹಲ್ಲು ಸವೆದರೆ ಗಾಡಿ ಓಡುವಾಗ ಸಣ್ಣಗೆ ಊಳಿಡುತ್ತದೆ, ಅದಕ್ಕೆ ಕ್ರೌನು ಕೂಗುತ್ತಿದೆ ಎನ್ನುತ್ತಾರೆ. "ಇಂಜಿನ್ ಎಲ್ಲಾರ್ಗೂ ಕೇಳ್ತದೆ, ಕ್ರೌನು ನಿಮ್ಮಪ್ಪಂಗೇ ಕೇಳ್ಬೇಕು" ಎಂದು ಜನ ನನ್ನೆದುರೇ ಹೇಳುತ್ತಿದ್ದರು. ನನಗೂ ಹೆಮ್ಮೆ. ಸ್ಟೀರಿಂಗ್ ಬಿಟ್ಟ ಮೇಲೆ ಅಪ್ಪನಿಗೆ ಊರಿನಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ.

ಅವನ ಕ್ರಮವೇ ಬೇರೆ. ಇನ್ನೊಬ್ಬರಿಗೆ ಗಾಡಿ ಓಡಿಸಲು ಹೇಳಿ ತಾನು ಹಿಂದೆ, ಚಕ್ರಗಳ ಮೇಲಿನ ಹಲಗೆಗೆ ಹೋಗಿ ಕೂರುತ್ತಿದ್ದ. ತಲೆಯ ಟವೆಲ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಸಾಕು ಅನಿಸಿದಾಗ ಕ್ಯಾಬಿನ್‌ಗೆ ತಟ್ಟುತ್ತಿದ್ದ. ಅವನು ಇಳಿದು ಬಂದು ಬಾಯಿ ಬಿಡುವ ತನಕ ಮಾರುವವನ ಮುಖ ನೋಡಬೇಕಿತ್ತು.

ನನ್ನ ದಿನಸಿ ಅಂಗಡಿಗೆ ಕೊಳ್ಳೇಗಾಲದಿಂದ ಸಾಮಾನು ತರಲೆಂದು ಯಳಂದೂರಿನಲ್ಲಿ ಒಂದು ಹಳೇ ಗೂಡ್ಸ್ ಗಾಡಿ ನೋಡಿದೆವು. ಅಪ್ಪ ಹಿಂದೆ ಕೂತು, ಕಣ್ಣು ಮುಚ್ಚಿ, ಇಳಿದು, "ಬೆಣ್ಣೆ ಕಣವ್ವ, ತಕೋ" ಅಂದ. ತಕೊಂಡೆ. ಕೊಳ್ಳೇಗಾಲ ದಾಟುವವರೆಗೂ ಬೆಣ್ಣೆಯೇ. ಹನೂರಿನ ರಸ್ತೆಗೆ ಬಿದ್ದ ಮೇಲೆ ಹಿಂದಿನಿಂದ ಸದ್ದಿನ ಒಂದು ಎಳೆ ಶುರುವಾಯಿತು. ಹೋಗುತ್ತಾ ಹೋಗುತ್ತಾ ಅದು ನಾಯಿ ಊಳಿಟ್ಟ ಹಾಗೆ ಏರಿತು. ಸ್ಟೀರಿಂಗ್ ಹಿಡಿದಿದ್ದವಳು ನಾನು, ಅಪ್ಪ ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

"ಅಪ್ಪ, ಏನೋ ಕೂಗ್ತಾ ಅದಲ್ಲಪ್ಪ."

"ಎಲ್ಲವ್ವ ಕೂಗ್ತದೆ? ಟೈರ್ ಸದ್ದು ಅದು. ರೋಡ್ ಸರಿಯಾಗಿಲ್ಲ."

ರೋಡ್ ಚೆನ್ನಾಗಿಯೇ ಇತ್ತು. ನಾನು ಓರೆಗಣ್ಣಿನಲ್ಲಿ ಅಪ್ಪನ ಕಡೆ ನೋಡಿದೆ. ಕೆಲವು ತಿಂಗಳಿಂದ ಅವನು ಎದುರಿನವರ ಬಾಯಿ ನೋಡುತ್ತಾ ಮಾತು ಕೇಳುವುದನ್ನು ಕಂಡಿದ್ದೆ. ವಯಸ್ಸಾಯಿತು, ಗಮನವಿಲ್ಲ ಅಂದುಕೊಂಡಿದ್ದೆ.

ಊರಿನವರು ಬಿಡುತ್ತಾರೆಯೇ? ಗಾಡಿ ಅಂಗಡಿ ಮುಂದೆ ನಿಲ್ಲುವ ಮೊದಲೇ "ಏನಕ್ಕಾ, ಸೈರನ್ ಬೇರೆ ಹಾಕ್ಸಿದ್ದೀಯ?" ಎಂದು ನಕ್ಕರು. ಅಪ್ಪನೂ ನಕ್ಕ. ಯಾವುದಕ್ಕೆ ನಗುತ್ತಿದ್ದೇನೆಂದು ಗೊತ್ತಿಲ್ಲದೆ ನಕ್ಕ.

ಕೊಳ್ಳೇಗಾಲದಲ್ಲಿ ಅಪ್ಪನ ಹಳೆಯ ಗೆಳೆಯ, ಮೆಕ್ಯಾನಿಕ್ ಮೇಸ್ತ್ರಿಯ ಗ್ಯಾರೇಜಿಗೆ ಗಾಡಿ ಒಯ್ದೆವು. ಅವನು ಕ್ರೌನಿನ ಕೆಳಗಿನ ಬೋಲ್ಟ್ ಬಿಚ್ಚಿದಾಗ ಎಣ್ಣೆಯ ಬದಲು ಕಪ್ಪು ಗಂಜಿ ಸುರಿಯಿತು. ಬೆರಳಲ್ಲಿ ತಿಕ್ಕಿ ನೋಡಿ, "ಮರದ ಹೊಟ್ಟು ತುಂಬವ್ರೆ ಕಣಣ್ಣ, ಸದ್ದು ಮುಚ್ಚಾಕೆ" ಅಂದ. ಹೊಟ್ಟು ಹಲ್ಲುಗಳ ನಡುವೆ ಮೆತ್ತಿಕೊಂಡು ಸ್ವಲ್ಪ ದೂರ ಸದ್ದನ್ನು ನುಂಗುತ್ತದಂತೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ನಮ್ಮಪ್ಪನಿಗೆ ಮರದ ಹೊಟ್ಟು ಸಿಕ್ಕಿತು. "ನೋಡ್ದಾ! ಹೊಟ್ಟು ಹಾಕಿದ್ರೆ ದೇವ್ರಿಗೂ ಕೇಳ್ಸದಿಲ್ಲ! ನನ್ ಕಿವಿದೇನ್ ತಪ್ಪು?" ಎಂದು ಗ್ಯಾರೇಜಿನ ಎಲ್ಲರನ್ನೂ ಕರೆದು ತೋರಿಸಿದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ನಂಬಲು ನನಗೂ ಆಸೆಯಿತ್ತು. ಆದರೆ ಹನೂರಿನ ರಸ್ತೆಯಲ್ಲಿ ಅದು ಊಳಿಟ್ಟಾಗ ನಾನು ಅವನ ಪಕ್ಕದಲ್ಲೇ ಇದ್ದೆ.

ಹಳೆಯ ಹಲ್ಲುಗಳೆಲ್ಲ ಸವೆದುಹೋಗಿದ್ದವು. ಮೇಸ್ತ್ರಿ ಹೊಸ ಕ್ರೌನು, ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್, ಎರಡರ ಜೋಡಿ ಹಾಕಿದ. ಹಾಕಿದರಷ್ಟೇ ಸಾಲದು, ಎರಡರ ಹಲ್ಲೂ ಒಂದಕ್ಕೊಂದು ಸರಿಯಾಗಿ ಕಚ್ಚುವಂತೆ ಒಳಗೆ ತೆಳ್ಳನೆಯ ತಗಡಿನ ಬಿಲ್ಲೆಗಳನ್ನು ಹಾಕಿ, ತೆಗೆದು ಕೂರಿಸಬೇಕು. ಆ ಗ್ಯಾರೇಜಿನಲ್ಲಿ ಕೊನೆಯ ಬಿಲ್ಲೆ ಅಪ್ಪನ ಕಿವಿ ಕೇಳಿಯೇ ಬೀಳುತ್ತಿದ್ದುದು. ಅಂದೂ ಹಾಗೆಯೇ. ಅಪ್ಪ ಹಿಂದೆ ಹತ್ತಿ ಕೂತ, ಮೇಸ್ತ್ರಿ ಸತ್ತೇಗಾಲದ ಕಡೆಗೆ ಓಡಿಸಿದ, ನಾನು ಅವನ ಪಕ್ಕ.

ಗದ್ದೆಗಳು ಶುರುವಾಗುವ ಹೊತ್ತಿಗೆ ಕ್ರೌನು ಕೂಗತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಒಂದು ರಾಗ, ಬಿಟ್ಟರೆ ಇನ್ನೊಂದು. ಇನ್ನೇನು ಅಪ್ಪ ಬೈಯುತ್ತಾನೆ ಎಂದು ಕಾದೆವು. ಹಿಂದಿನಿಂದ ಕ್ಯಾಬಿನ್‌ಗೆ ತಟ್ಟಿದ. ನಿಲ್ಲಿಸಿದೆವು.

"ಕುಂತ್ಕತು ಕಣ್ಲಾ. ಮುಟ್ಬ್ಯಾಡ ಇನ್ನು."

ಮೇಸ್ತ್ರಿ ಇಳಿದು ಹೋಗಿ ಅವನ ಎದುರು ನಿಂತ. "ಅಣ್ಣಾ, ಇನ್ನೊಂದು ಬಿಲ್ಲೆ ತಗುದ್ ನೋಡ್ಲಾ?"

"ಬ್ಯಾಡ ಬುಡ್ಲಾ. ಸದ್ದೆಲ್ಲಿ ಅದೆ?"

ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ಚಕ್ರದ ಕಡೆ ನೋಡುತ್ತಾ "ಆಯ್ತು ಕಣಣ್ಣ" ಅಂದ. ವಾಪಸ್ಸು ಹೋದ ಮೇಲೆ ಅಪ್ಪನನ್ನು ಊಟಕ್ಕೆಂದು ಹೋಟೆಲ್‌ಗೆ ಕಳಿಸಿ, ಮತ್ತೆ ಕ್ರೌನು ಬಿಚ್ಚಿ, ತಾನೇ ಬಿಲ್ಲೆ ಕೂರಿಸಿದ. ಅವನ ಕಣ್ಣು ತುಂಬಿತ್ತು. ನನಗೆ ಮಾತ್ರ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಮನೆಗೆ ಬರುವಾಗ ಗಾಡಿ ನಿಜಕ್ಕೂ ಬೆಣ್ಣೆಯಂತಿತ್ತು. ಹನೂರಿನವರೆಗೂ ಅಪ್ಪ ತನ್ನ ಕಿವಿಯನ್ನು ಹೊಗಳಿಕೊಂಡ. ನಾನು ಹೂಂಗುಟ್ಟಿದೆ.

ಹಾಗೆಯೇ ಹೂಂಗುಟ್ಟಿಕೊಂಡು ಇದ್ದುಬಿಡುತ್ತಿದ್ದೆನೇನೋ. ಆದರೆ ಕೆಲವೇ ದಿನದಲ್ಲಿ ಗೋಪಿನಾಥಂ ಕಡೆಯಿಂದ ಒಬ್ಬರು ಬಂದರು. ಅಲ್ಲಿಗೆ ಬಸ್ಸು ಕಮ್ಮಿ. ಶಾಲೆಗೆ ಮಕ್ಕಳನ್ನು ಕರೆದೊಯ್ಯಲು ಒಂದು ಹಳೇ ಜೀಪು ನೋಡಿದ್ದಾರೆ, ಕಾಡಿನ ಘಾಟಿ ರಸ್ತೆ, ಅಪ್ಪ ಬಂದು ಒಂದು ಮಾತು ಹೇಳಿದರೆ ಸಾಕು. ಅಪ್ಪ ಆಗಲೇ ಇಸ್ತ್ರಿ ಅಂಗಿ ತೊಟ್ಟು ಟವೆಲ್ ಹೆಗಲಿಗೆ ಹಾಕಿಕೊಂಡಿದ್ದ. ಬಂದವರು ಅಂಗಡಿ ಮುಂದಿನ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು, ಜೊತೆಗೆ ಊರಿನವರೂ ಇಬ್ಬರು ಮೂವರಿದ್ದರು.

ನಾನು ಅಪ್ಪನನ್ನು ಒಳಗೆ ಕರೆದೆ. ಬೇಳೆ ಮೂಟೆಗಳ ಮರೆಯಲ್ಲಿ, ಹೊರಗೆ ಯಾರಿಗೂ ಕೇಳದ ಹಾಗೆ, ಅವನ ಹತ್ತಿರ ನಿಂತು ಹೇಳಿದೆ: "ಓಗ್ಬ್ಯಾಡ ಕಣಪ್ಪ. ನಿಂಗೆ ಕ್ರೌನು ಕೇಳ್ಸದಿಲ್ಲ."

ಅವನು ನನ್ನ ತುಟಿಗಳನ್ನೇ ನೋಡಿದ. ಅಲ್ಲಿ ಕತ್ತಲಿತ್ತು.

"ಏನವ್ವಾ?"

ಇನ್ನೊಂದು ಸಲ ಹೇಳಿದೆ.

"ಗಟ್ಟಿಯಾಗ್ ಹೇಳವ್ವ, ಏನು?"

ಗಟ್ಟಿಯಾಗಿ ಹೇಳಿದೆ. ಹೊರಗಿನ ಬೆಂಚಿನಲ್ಲಿ ಮಾತು ನಿಂತುಹೋಯಿತು.