ಹಿಮಗಾಳಿಗೆ ಮುನ್ನ, ಮ್ಯಾಕಲ್ಸ್‌ಫೀಲ್ಡಿನಲ್ಲಿ

ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್ ನಿಲ್ದಾಣದಲ್ಲಿ ಡರ್ಬಿ ಕಡೆಯ ರೈಲಿಗೆ ಕಾಯುತ್ತಿದ್ದೆ. ಬಿರುಗಾಳಿಯೊಂದಿಗೆ ಹಿಮ ಬರಲಿದೆ, ಮಧ್ಯಾಹ್ನದ ಮೇಲೆ ರೈಲುಗಳಿಲ್ಲ ಎಂದು ಧ್ವನಿವರ್ಧಕ ಹೇಳುತ್ತಲೇ ಇತ್ತು. ಸಿಬ್ಬಂದಿ ಫಲಕಗಳನ್ನು ಹಗ್ಗದಿಂದ ಬಿಗಿಯುತ್ತಿದ್ದರು.

ಅಲ್ಲಿ ಧಾರವಾಡದ ನರ್ಸ್ ಸುನಂದಾ ಪರಿಚಯವಾದರು. ಗಂಡ ಮತ್ತು ಏಳು ವರ್ಷದ ಮಗಳು ಅವರನ್ನು ಮ್ಯಾಂಚೆಸ್ಟರ್ ರೈಲು ಹತ್ತಿಸಲು ಬಂದಿದ್ದರು. ಚೀಲದಲ್ಲಿ ಮೂರು ದಿನದ ಬಟ್ಟೆಯ ಮೇಲೆ, ಕಿತ್ತಳೆ ಹಣ್ಣಿಗೆ ತೊಡಿಸುವಷ್ಟು ಚಿಕ್ಕ ಉಣ್ಣೆ ಟೋಪಿಗಳಿದ್ದವು.

“ದಿನ ತುಂಬೂಕಿಂತ ಮೊದಲ ಹುಟ್ಟಿದ ಕೂಸುಗೋಳಿಗೆ ರೀ,” ಎಂದರು. “ನಾಳೆ ಪಾಳಿ ಇದ್ದ ನರ್ಸ್‌ಗೋಳಿಗೆ ಬರಾಕ ಆಗಲಿಲ್ಲಂದ್ರ? ಅದಕ್ಕ ಈಗ ಹೋಗಿ ಆಸ್ಪತ್ರ್ಯಾಗ ಇರ್ತೀನಿ.”

“ನೀನೇ ಯಾಕೆ ಹೋಗಬೇಕು?” ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

“ನನಗ ಇನ್ನೂ ರೈಲು ಐತಿ, ಪುಟ್ಟಿ. ಅದಕ್ಕ.”

ರೈಲು ಬಂತು. ಸುನಂದಾ ಮಗಳ ತಲೆ ಸವರಿ ಹತ್ತಿದರು. ಹುಡುಗಿ ಕೈ ಬೀಸಲಿಲ್ಲ. ರೈಲು ಮರೆಯಾದ ಮೇಲೆ ಹಳಿಗಳ ಮೇಲೆ ಹಿಮ ಬೀಳತೊಡಗಿತು. ಅವಳು ಅಪ್ಪನ ಕೋಟು ಹಿಡಿದು, ನಾಳೆ ತನಗೆ ಜಡೆ ಯಾರು ಹಾಕುತ್ತಾರೆ ಎಂದು ಕೇಳಿದಳು.

“ನಾ ಹಾಕ್ತೀನಿ. ಹೆಂಗ ಅಂತ ನೀ ಹೇಳಿಕೊಡು.”

ಅವಳು ಅಲ್ಲೇ ಬೆಂಚಿನ ಮೇಲೆ ಅವನಿಗೆ ಬೆನ್ನು ಮಾಡಿ ಕುಳಿತು, ಅಮ್ಮ ಹಾಕಿದ್ದ ಜಡೆಯನ್ನು ಬಿಚ್ಚತೊಡಗಿದಳು.