ಚಾಚಿಯ ತಲೆಯೆಣ್ಣೆ

ನಾನು ಓಟಗಾರ್ತಿ. ಮೊದಲ ಸಲ ವಿದೇಶದ ಓಟಕ್ಕೆ ಆಯ್ಕೆಯಾಗಿದ್ದೆ, ಅಂದರೆ ಪಾಸ್‌ಪೋರ್ಟ್ ಬೇಕಿತ್ತು. ಹತ್ತಿ ಬಿಡಿಸಿ ಬೆರಳ ಗೆರೆ ಸವೆದಿದ್ದರಿಂದ ಕಚೇರಿಯ ಯಂತ್ರ ನನ್ನ ಹೆಬ್ಬೆರಳನ್ನು ಗುರುತಿಸಲಿಲ್ಲ.

"ತಲೀಗೆ ತಿಕ್ಕಿ ಇಡ್ರಿ," ಎಂದರು ಸಾಹೇಬರು. ರೇಷನ್ ಅಂಗಡಿಯಲ್ಲೂ ನಾವು ಹಾಗೇ ಮಾಡುತ್ತೇವೆ. ಕೂದಲ ಎಣ್ಣೆ ತಾಗಿದರೆ ಗೆರೆ ಮೂಡುತ್ತದೆ. ಆದರೆ ಫೋಟೊ ಚೆನ್ನಾಗಿ ಬರಲೆಂದು ನಾನು ಶಾಂಪೂ ಹಾಕಿ ತಲೆ ತೊಳೆದಿದ್ದೆ. ಎಷ್ಟು ತಿಕ್ಕಿದರೂ ಆಗಲಿಲ್ಲ.

"ಮುಂದಿನ ತಿಂಗಳು ಬರ್ರಿ."

ಅಷ್ಟರಲ್ಲಿ ಓಟವೇ ಮುಗಿದಿರುತ್ತಿತ್ತು.

ಸರದಿಯಲ್ಲಿ ನನ್ನ ಹಿಂದಿದ್ದವರು ಹಜ್‌ಗೆ ಹೊರಟಿದ್ದ ಶಹಾಪುರದ ಒಬ್ಬ ಚಾಚಿ. ಅವರು ಸೆರಗು ಸರಿಸಿ ನನ್ನೆದುರು ತಲೆ ಬಗ್ಗಿಸಿದರು. "ನಂದು ತಿಕ್ಕೊ ಬೇಟಿ. ಮುಂಜಾನಿನೇ ಹಚ್ಚೀನಿ."

ಸಾಹೇಬರು ಬೇರೆ ಕಡೆ ನೋಡಿದರು. ಯಂತ್ರ ಒಪ್ಪಿತು.

ವಿದೇಶದ ವಿಮಾನ ನಿಲ್ದಾಣದಲ್ಲೂ ಬೆರಳು ಇಡಬೇಕಂತೆ. ಅಲ್ಲಿ ಯಾರ ತಲೆ ಕೇಳಲಿ, ಈಗ ಅದೇ ಚಿಂತೆ.