ಓಬೇದ್ ಹಿಡಿದ ಏಣಿ

ಕೋಲ್ಡೇಲಿನಲ್ಲಿ ಮಗಳ ಮದುವೆ ಮಾಡುವ ಅಪ್ಪನಿಗೆ ಬೇರೆ ಊರಿನವರಿಗಿಲ್ಲದ ಒಂದು ಕೆಲಸವಿತ್ತು. ಮದುವೆಯ ದಿನ ಬೆಳಗ್ಗೆ, ಹೊಸ ಕೋಟು ತೊಡುವ ಮೊದಲು, ಅವನು ಚರ್ಚಿನ ಗೋಪುರ ಹತ್ತಿ, ಅಲ್ಲಿಂದ ಏಣಿ ಏರಿ, ಆರು ಗಂಟೆಗಳ ನಾಲಿಗೆಯನ್ನೂ ಕೈಯಿಂದ ಸವರಿ ನೋಡಿ ಬರಬೇಕು. ನಾಲಿಗೆ ಬರಿಯ ಕಬ್ಬಿಣವಾಗಿದ್ದರೆ ಸರಿ, ಮದುವೆ ನಡೆಯಬಹುದು. ಆ ಹೊತ್ತಿಗೆ ಏಣಿ ಅಲುಗದಂತೆ ಹಿಡಿದು ನಿಲ್ಲುತ್ತಿದ್ದವನು ಜೀನಗಾರ ಓಬೇದ್ ಥ್ಯಾಕ್ರೆ. ಪದ್ಧತಿ ಹುಟ್ಟಿದ್ದೇ ಅವನಿಂದ. ಇಪ್ಪತ್ತೆರಡು ವರ್ಷ, ಒಂದು ಮದುವೆಯನ್ನೂ ತಪ್ಪಿಸಿಕೊಳ್ಳದೆ ಅವನು ಹಾಗೆ ನಿಂತ. ಅದಕ್ಕೆಷ್ಟು ಎದೆಗಾರಿಕೆ ಬೇಕೆಂದು ಯಾರೂ ಯೋಚಿಸಲಿಲ್ಲ. ಅವನ ಕೈಯಲ್ಲಿ ಏಣಿ ಹಿಡಿಸುವುದರಲ್ಲಿ ಊರಿಗೊಂದು ಖುಷಿಯಿತ್ತು.

ಕುದುರೆಯ ಜೀನು, ಲಗಾಮು ಹೊಲಿಯುವುದು ಅವನ ಕಸುಬು. ಗಂಟೆ ಬಾರಿಸುವುದು ಅವನ ಹುಚ್ಚು. ಆರು ಹಗ್ಗಕ್ಕೆ ಆರು ಆಳು, ಇಪ್ಪತ್ತಾರನೆಯ ವಯಸ್ಸಿಗೇ ಅವರಿಗೆಲ್ಲ ಇವನು ಮುಖಂಡ. ಹಗ್ಗ ಹಿಡಿದರೆ ಹುಲಿ, ಬಿಟ್ಟರೆ ಬಾಯಿಗೆ ಬೀಗ. ಇಂಥವನು ಹೋಗಿ ಡಾರ್ಕಸಳನ್ನು ಪ್ರೀತಿಸಿದ. ಬೆಟ್ಟದ ಇಳಿಜಾರಿನಲ್ಲಿ ಹಸು ಸಾಕಿ ಚೀಸ್ ಮಾಡುವವರ ಮನೆಯ ಹುಡುಗಿ ಅವಳು, ನಾಲ್ಕು ಮಾತಾಡಿದರೆ ಮೂರು ಸಲ ನಗುವವಳು. ಎರಡು ವರ್ಷ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಅವಳ ಬುಟ್ಟಿಯನ್ನು ಮನೆಯ ಗೇಟಿನ ತನಕ ಹೊತ್ತ. ಮೂರನೆಯ ವಸಂತದಲ್ಲಿ ಧೈರ್ಯ ಮಾಡಿ, ಅವಳು ಚೀಸ್ ಮಾಡುತ್ತಿದ್ದ ಕೋಣೆಗೇ ಹೋಗಿ, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿಬಿಟ್ಟ.

ಡಾರ್ಕಸಳ ಕೈ ಮೊಣಕೈವರೆಗೆ ಒಡೆದ ಹಾಲಿನಲ್ಲಿತ್ತು. ಗಾಬರಿಗೆ ಅವಳಿಗೆ ನಗು ಬಂತು.

"ಮದುವೇನಾ? ಅಯ್ಯೋ ಓಬೇದ್, ನಾನು ನಿನ್ನನ್ನ ನಮ್ಮಣ್ಣ ಅಂತಲೇ ಅಂದ್ಕೊಂಡಿದ್ದೆ ಕಣೋ!"

ಗೋಡೆಯ ಆಚೆ ಅವಳ ಇಬ್ಬರು ತಂಗಿಯರು ಕಿಸಕ್ಕನೆ ನಕ್ಕರು. ಸಂಜೆಯ ಹೊತ್ತಿಗೆ ಸುದ್ದಿ ಬಿಯರ್ ಅಂಗಡಿ ತಲುಪಿತ್ತು.

"ಏನ್ ಓಬೇದಣ್ಣ, ತಂಗಿ ಸೌಖ್ಯಾನಾ?"

"ತಂಗಿ ಮದುವೆಗೆ ಏನ್ ಉಡುಗೊರೆ ಕೊಡ್ತೀಯಪ್ಪಾ? ಒಂದು ಜೀನು ಹೊಲಿದು ಕೊಡು!"

ಓಬೇದ್ ಅವರ ಜೊತೆ ತಾನೂ ನಕ್ಕ. ನಗದೆ ಮೂಗಿಗೆರಡು ಗುದ್ದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕೊಯ್ಲಿನ ಕಾಲಕ್ಕೆ ಹಿಟ್ಟಿನ ಗಿರಣಿಯವರ ಮಗ ಹಾರ್ವಿ ಸಗ್ಡನ್‌ಗೂ ಡಾರ್ಕಸಳಿಗೂ ಮದುವೆಯೆಂದು ಪಾದ್ರಿ ಚರ್ಚಿನಲ್ಲಿ ಓದಿ ಹೇಳಿದರು. ಅದನ್ನು ಕೇಳುತ್ತ ಕೂತಾಗಲೇ ತಂಗಿಗೆ ಕೊಡುವ ಉಡುಗೊರೆ ಯಾವುದೆಂದು ಓಬೇದ್ ನಿಶ್ಚಯಿಸಿಕೊಂಡ.

ಸಾವಿಗೆ ಬಾರಿಸುವಾಗ ಗಂಟೆಯ ನಾಲಿಗೆಯ ಒಂದು ಮಗ್ಗುಲಿಗೆ ತೊಗಲಿನ ಮೆತ್ತೆ ಕಟ್ಟುತ್ತಾರೆ. ಒಂದು ಏಟು ಖಣ್ಣೆಂದರೆ ಮರು ಏಟು ಎಲ್ಲೋ ದೂರದಿಂದ ಮಂಕಾಗಿ ಬರುತ್ತದೆ. ಆ ಮೆತ್ತೆಗಳನ್ನು ಹೊಲಿದವನೂ ಓಬೇದನೇ. ಮದುವೆಯ ಬೆಳಗ್ಗೆ ಒಬ್ಬನೇ ಮೇಲೆ ಹೋಗಿ ಆರಕ್ಕೆ ಆರೂ ಕಟ್ಟಿ ಬಂದ. ಹೆಣ್ಣುಗಂಡು ಚರ್ಚಿನ ಬಾಗಿಲಿಗೆ ಬಂದರು, ಓಬೇದ್ ಸನ್ನೆ ಮಾಡಿದ, ಆರು ಜನ ಹಗ್ಗ ಎಳೆದರು. ಎರಡನೆಯ ಏಟಿಗೇ ಉಳಿದ ಐವರ ಮುಖ ಬಿಳಿಚಿಕೊಂಡಿತು. ಆದರೆ ತಿರುಗುವ ಗಂಟೆಯನ್ನು ನಡುವೆ ಬಿಟ್ಟರೆ ಹಗ್ಗ ಆಳನ್ನೇ ಎತ್ತಿ ಒಗೆಯುತ್ತದೆ. ಒಂದೊಂದನ್ನೇ ಹದಕ್ಕೆ ತಂದು ನಿಲ್ಲಿಸುವಷ್ಟರಲ್ಲಿ, ಅಂಗಳದಲ್ಲಿ ನಿಂತಿದ್ದ ಮುದುಕರೆಲ್ಲ ಸಾವಿನ ಗಂಟೆ ಕೇಳಿದಾಗಿನ ರೂಢಿಯಂತೆ ತಲೆಯ ಮೇಲಿನ ಟೋಪಿ ತೆಗೆದಿದ್ದರು. ಹೂಗೊಂಚಲು ಹಿಡಿದು ನಿಂತ ಡಾರ್ಕಸ್ ಆ ಟೋಪಿಗಳನ್ನು ನೋಡಿದಳು. ಆಮೇಲೆ ಗೋಪುರವನ್ನು ನೋಡಿದಳು.

ಪಾದ್ರಿ ಒಂದು ವರ್ಷ ಅವನನ್ನು ಹಗ್ಗ ಮುಟ್ಟಗೊಡಲಿಲ್ಲ. ಅಲ್ಲಿಗೇ ಮುಗಿದಿದ್ದರೆ ಊರು ಅದನ್ನು ಹುಚ್ಚು ವಯಸ್ಸಿನ ಹೊಟ್ಟೆಕಿಚ್ಚು ಎಂದು ಮರೆಯುತ್ತಿತ್ತು. ಆದರೆ ಮೂರನೆಯ ಚಳಿಗಾಲದಲ್ಲಿ, ಗಿರಣಿ ಚಕ್ರಕ್ಕೆ ಕಟ್ಟಿದ ಹಿಮಗಡ್ಡೆ ಒಡೆಯಲು ಇಳಿದ ಹಾರ್ವಿ ಕಾಲು ಜಾರಿ ಚಕ್ರದಡಿ ಸಿಕ್ಕಿ ಸತ್ತ. ಮಗಳು ಲೆಟಿಗೆ ಆಗ ವರ್ಷ ತುಂಬಿತ್ತು ಅಷ್ಟೆ. ಗಂಟೆ ಮೊದಲೇ ಹೇಳಿತ್ತು ಎಂದು ಊರೆಲ್ಲ ಪಿಸುಗುಟ್ಟಿತು. ತಲೆಕೆಟ್ಟವರ ಮಾತು. ಆದರೆ ಓಬೇದ್ ಅದನ್ನು ನಂಬಿದ. ಹೂಳುವ ದಿನ ಅವನು ಮೆತ್ತೆಗಳನ್ನು ಹೊರತೆಗೆಯುತ್ತಿದ್ದಾಗ ಪಾದ್ರಿಯ ಕೈಲಿ ಡಾರ್ಕಸ್ ಹೇಳಿ ಕಳಿಸಿದಳು: "ಗಂಟೆ ಬೇಡ ಅನ್ನಿ. ಅವರ ಸಾವಿನ ಗಂಟೆ ಮದುವೆ ದಿನಾನೇ ಬಾರಿಸಿ ಆಯ್ತಲ್ಲ."

ಹಾರ್ವಿ ಸದ್ದಿಲ್ಲದೆ ಮಣ್ಣಿಗೆ ಹೋದ. ಓಬೇದ್ ಮದುವೆಯಾಗಲಿಲ್ಲ. ಎದುರಿಗೆ ಡಾರ್ಕಸ್ ಬಂದರೆ ಬೀದಿಯ ಆಚೆ ಮಗ್ಗುಲಿಗೆ ಹೋಗುತ್ತಿದ್ದ.

ಈಗ ಲೆಟಿಯ ಮದುವೆ ಬಂತು. ಗಂಟೆ ನೋಡಲು ಅಪ್ಪನಿಲ್ಲ. ಡಾರ್ಕಸ್ ಪಕ್ಕದ ಊರಿನಿಂದ ಆರು ಜನರನ್ನು ಕರೆಸುತ್ತಾಳಂತೆ ಎಂಬ ಮಾತು ವಾರವೆಲ್ಲ ಓಡಾಡಿತು. ಹಾಗೇನಾದರೂ ಆದರೆ ಇನ್ನು ಹಗ್ಗ ಮುಟ್ಟುವುದಿಲ್ಲ ಎಂದು ಓಬೇದ್ ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಗಂಟೆ ಬಿಟ್ಟರೆ ಅವನಿಗೆ ಬದುಕಿನಲ್ಲಿ ಉಳಿದದ್ದೇನು? ಮದುವೆಯ ಬೆಳಗ್ಗೆ ಹಗ್ಗದ ಕೋಣೆಯಲ್ಲಿ ಕೂತಿದ್ದ ಅವನಿಗೆ ಗೋಪುರದ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಬಂದವಳು ಡಾರ್ಕಸ್, ಒಬ್ಬಳೇ.

ಓಬೇದ್ ಎದ್ದು ಏಣಿ ಹಾಕಿ ಎರಡೂ ಕೈಯಲ್ಲಿ ಹಿಡಿದ. ಅವಳು ಬೆಂಚಿನ ಮೇಲೆ ಕುಸಿದು ಕೂತಳು.

"ಹತ್ತು ಡಾರ್ಕಸ್. ಹಿಡ್ಕೊಂಡಿದೀನಿ," ಎಂದ ಓಬೇದ್.

"ಈ ಮಂಡಿ ಇಟ್ಕೊಂಡು ನಾನ್ಯಾಕಪ್ಪಾ ಹತ್ತಲಿ?"

"ಎಲ್ಲಾರೂ ನೋಡ್ತಾರೆ. ನೀನಂತೂ ನೋಡ್ಲೇಬೇಕು."

"ಇಪ್ಪತ್ತೆರಡು ವರ್ಷ ಊರೆಲ್ಲಾ ನೋಡಿದ್ದು ಸಾಲ್ದಾ? ಇಳಿಸು ಆ ಏಣೀನ."

ಅವನ ಕೈ ಏಣಿ ಬಿಡಲಿಲ್ಲ. "ಹಾರ್ವಿ..." ಎಂದ.

"ಹಾರ್ವೀನ ಕೊಂದಿದ್ದು ಹಿಮ ಕಣೋ, ನೀನಲ್ಲ. ಅವತ್ತು ಹೊಟ್ಟೆ ಉರಿದು ಒಂದು ಮಾತಂದೆ. ಅದನ್ನ ನೀನು ಇಷ್ಟು ವರ್ಷ ಹೊತ್ಕೊಂಡು ತಿರುಗ್ತಿದೀಯ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ. ನೀನು ತೀರಿಸ್ಕೊಂಡಿದ್ದು ಒಂದು ದಿನದ ಸೇಡು. ನಂದು ನಿಂದಕ್ಕಿಂತ ಉದ್ದ ಆಯ್ತು."

ಓಬೇದ್ ಏಣಿಗೆ ಹಣೆ ಒತ್ತಿಕೊಂಡು ಅತ್ತ. ಡಾರ್ಕಸ್ ಸಮಾಧಾನ ಮಾಡಲು ಹೋಗಲಿಲ್ಲ, ಅವನು ಅತ್ತು ಮುಗಿಸುವ ತನಕ ಕೂತಿದ್ದಳು. ಆಮೇಲೆ ಮೆಟ್ಟಿಲ ಬಳಿ ಹೋಗಿ ತಿರುಗಿದಳು.

"ಲೆಟಿಗೆ ಬಾರಿಸಿ ಆದ್ಮೇಲೆ ನಿಲ್ಲಿಸ್ಬೇಡ. ಇನ್ನೊಂದು ಸರ್ತಿ ಬಾರಿಸು. ನನ್ನ ಮದುವೆ ಗಂಟೆ ನಾನು ಕೇಳೇ ಇಲ್ಲ."

ಅವಳು ಇಳಿದು ಹೋದ ಮೇಲೆ ಓಬೇದ್ ತಾನೇ ಏಣಿ ಹತ್ತಿ ಆರು ನಾಲಿಗೆಯನ್ನೂ ಮುಟ್ಟಿ ನೋಡಿದ. ಅವಳು ನಂಬಿದಷ್ಟು ಅವನು ತನ್ನನ್ನು ನಂಬಿರಲಿಲ್ಲ.

ಲೆಟಿ ಬಾಗಿಲಿಗೆ ಬಂದಾಗ ಆರು ಗಂಟೆಗಳೂ ಕಣಿವೆ ತುಂಬುವಂತೆ ಮೊಳಗಿದವು. ಮದುವೆಯ ಗಾಡಿಗಳು ಮನೆ ಕಡೆ ಹೊರಟವು. ಉಳಿದ ಐವರು ಹಗ್ಗ ಬಿಟ್ಟು ಬಿಯರ್ ಹೂಜಿಯತ್ತ ಕೈ ಚಾಚಿದರು.

"ಹಗ್ಗ ಹಿಡೀರಿ. ಇನ್ನೊಂದು ಸರ್ತಿ," ಎಂದ ಓಬೇದ್.

"ಇನ್ನೂನಾ? ಅಲ್ಲಣ್ಣಾ, ಹುಡುಗಿ ಮನೆ ಸೇರಿ ಕೇಕ್ ಕೊಯ್ದಾಯ್ತು!"

"ಹಿಡೀರಿ ಸುಮ್ನೆ. ಇದು ಬೇರೆ ಮದುವೆ."

ಅವರಲ್ಲಿ ವಯಸ್ಸಾದ ಇಬ್ಬರು ಮುಖ ಮುಖ ನೋಡಿಕೊಂಡು ಹೂಜಿ ಕೆಳಗಿಟ್ಟರು. ಅರ್ಧ ತಾಸು ಬಾರಿಸಿದರು. ಹಗ್ಗದ ಕೋಣೆಗೆ ಕಿಟಕಿಯಿಲ್ಲ. ಅವಳು ಕೇಳುತ್ತಿದ್ದಾಳೋ, ಹೊರಟು ಹೋದಳೋ ಓಬೇದನಿಗೆ ತಿಳಿಯುವಂತಿರಲಿಲ್ಲ.

ಇಳಿದು ಬಂದಾಗ ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ಡಾರ್ಕಸ್ ಹಾರ್ವಿಯ ಸಮಾಧಿಯ ಕಲ್ಲಿಗೆ ಒರಗಿ ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ಓಬೇದ್ ಸಮಾಧಿಯ ಮುಂದೆ ನಿಂತು ಟೋಪಿ ತೆಗೆದ.

"ಹಾಕ್ಕೊಳ್ಳೋ ಟೋಪೀನ," ಎಂದಳು ಡಾರ್ಕಸ್. "ಮದುವೆ ಇದು. ನಡಿ, ಊಟ ಆರಿಹೋಗ್ತಿದೆ. ಅಣ್ಣ ಅನ್ನಲ್ಲ, ಬಾ."

ಓಬೇದ್ ಟೋಪಿ ಹಾಕಿಕೊಂಡು ಅವಳ ಜೊತೆ ನಡೆದ.